ಕಬಡ್ಡಿಗೆ ಕೊಟ್ಟ ಅಂಗಳ

ಮಸ್ಕಿಯ ಸುದ್ದಿ ಬಂದಾಗ ನಾನು ಅಂಗಳ ಸಾರಿಸುತ್ತಿದ್ದೆ. 1986ರ ಶ್ರಾವಣ. ಸೋಮವಾರದ ಪೂಜೆಗೆ ಭಾನುವಾರ ಸಂಜೆಯೇ ಅಂಗಳ ಸಾರಿಸಿಡುವುದು ನನ್ನ ರೂಢಿ. ನಮ್ಮವರು ಆಗ ಸಿಂಧನೂರಿನ ಒಂದು ಖಾಸಗಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದರು. ಊರವರ ಬಾಯಲ್ಲಿ ಪೀಟಿ ಮಾಸ್ತರು. ನೌಕರಿ ಹಂಗಾಮಿ. ವರ್ಷ ಮುಗಿದ ಮೇಲೆ ಆಡಳಿತ ಮಂಡಳಿಯವರು ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೆ ಹೊರಗಿನ ನೌಕರಿ ಯಾವುದೂ ಇರಲಿಲ್ಲ. ಮನೆ ನಡೆಸುವುದೇ ನನ್ನ ಕೆಲಸ. ಆ ಕೆಲಸದಲ್ಲಿ ನಾಲ್ಕು ಜನರ ಮುಂದೆ ಹೇಳುವಂಥದ್ದು ಏನಾದರೂ ಇದ್ದರೆ ಆ ವರ್ಷದ್ದೇ.

ಕೈಯೆಲ್ಲ ಸೆಗಣಿಯಾಗಿದ್ದ ಹೊತ್ತಿನಲ್ಲಿ ಹನುಮೇಶ ಬಂದು ಅಂಗಳದ ಬಾಗಿಲ ಹೊರಗೇ ನಿಂತ. ಗೊರೇಬಾಳದ ರೈತರ ಮನೆಯ ಹುಡುಗ, ಕಾಲೇಜಿನ ಕಬಡ್ಡಿ ತಂಡದ ನಾಯಕ. ಅವನ ಕೈಯಲ್ಲಿ ಹರಿದ ಅಂಗಿಯ ತೋಳೊಂದಿತ್ತು.

"ಮಸ್ಕ್ಯಾಗ ಸೋತ್ವಿರಿ ಅಕ್ಕಾರ," ಅಂದ.

"ಆಗ್ಲಿ ಬಿಡು. ಅದೇನೋ ಕೈಯಾಗ?"

"ಎದುರಿನ ಹುಡುಗನ ಅಂಗೀದ್ರಿ. ಗಟ್ಟಿ ಹಿಡದಿದ್ದೆ. ತೋಳು ನನ್ನ ಕೈಯಾಗ ಉಳೀತು, ಅವಾ ಗೆರಿ ದಾಟಿ ಹೋದ."

ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಕೇಳಿದರು, "ತೋಳಿಗೆ ಎಷ್ಟು ಪಾಯಿಂಟ್ ಕೊಟ್ರಲೇ?"

ಹುಡುಗ ನಗಲಿಲ್ಲ. ನನಗೂ ನಗು ಬರಲಿಲ್ಲ. ಮಸ್ಕಿಯದು ಸ್ನೇಹಕ್ಕೆ ಆಡಿದ ಪಂದ್ಯ, ಸೋತರೆ ನಷ್ಟವಿಲ್ಲ. ಆದರೆ ದಸರೆ ಆದ ಮೇಲೆ ಲಿಂಗಸುಗೂರಿನಲ್ಲಿ ಕಾಲೇಜು ಕಾಲೇಜುಗಳ ನಡುವೆ ಪಂದ್ಯಗಳಿದ್ದವು. ನಮ್ಮ ಕಾಲೇಜಿನ ತಂಡ ಪ್ರತಿ ವರ್ಷ ಮೊದಲ ಆಟದಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿತ್ತು. ಈ ಸಲವೂ ಹಾಗೇ ಆದರೆ ಮುಂದಿನ ವರ್ಷ ಪೀಟಿ ಮಾಸ್ತರರ ಅಗತ್ಯವಿಲ್ಲವೆಂದು ಮಂಡಳಿಯ ಕಾರ್ಯದರ್ಶಿಗಳು ನಮ್ಮವರ ಎದುರಿಗೇ ಹೇಳಿದ್ದರು. ನೌಕರಿ ಹೋದರೆ ಬಾಡಿಗೆ ಮನೆಯೂ ಹೋಗುತ್ತಿತ್ತು.

ಆ ಮನೆಯ ಮಾತು ಸ್ವಲ್ಪ ಹೇಳಬೇಕು. ನನ್ನ ತವರು ಗುರುಗುಂಟಾ. ಅಲ್ಲಿ ನಮ್ಮವ್ವ ಸಾರಿಸಿದ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವಳು ನಾನು. ಮದುವೆಯಾದ ಮೇಲೆ ನೌಕರಿ ಹೋದಲ್ಲೆಲ್ಲ ಹೋಗಿ ಒಂದೊಂದು ಕೋಣೆಯಲ್ಲಿ ಸಂಸಾರ ಮಾಡಿದೆವು. ಬಾಗಿಲು ತೆಗೆದರೆ ನೇರ ರಸ್ತೆ. ಬೇರೆಯವರು ಬಂಗಾರ ಬೇಡಿಕೊಂಡಲ್ಲಿ ನಾನು ಶಿವನ ಹತ್ತಿರ ಒಂದು ಅಂಗಳ ಬೇಡಿಕೊಂಡೆ. ಸಿಂಧನೂರಿನಲ್ಲಿ ಅದು ಸಿಕ್ಕಿತು. ಸಿಕ್ಕಾಗ ಬರೀ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ರಾಡಿ. ಬಂಡಿಯಲ್ಲಿ ಗರಸು ಮಣ್ಣು ತರಿಸಿ ಹಾಕಿಸಿದೆ, ನೀರು ಹೊಡೆದು ಕುಟ್ಟಿಸಿದೆ, ವರ್ಷವಿಡೀ ಸಾರಿಸಿದೆ. ಮೂಲೆಯಲ್ಲಿ ಶಿವಪೂಜೆಗೆಂದು ಒಂದು ಪತ್ರಿ ಗಿಡ ನೆಟ್ಟೆ. ಮಳೆಗಾಲದಲ್ಲಿ ಓಣಿಯೆಲ್ಲ ಕೆಸರಾದರೂ ನಮ್ಮ ಅಂಗಳದಲ್ಲಿ ನೀರು ನಿಲ್ಲುತ್ತಿರಲಿಲ್ಲ, ಹೆಜ್ಜೆ ಮೂಡುತ್ತಿರಲಿಲ್ಲ.

ಅವತ್ತು ನಮ್ಮವರು ಊಟಕ್ಕೆ ಕೂತು ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹುಡುಗರು ಕೆಸರಾಗ ಆಡಿ ಕೆಟ್ಟಾರ," ಅಂದರು.

ವಿಷಯ ಇಷ್ಟೇ. ಮಳೆ ಬಿದ್ದ ಮೇಲೆ ಕಾಲೇಜಿನ ಮೈದಾನದಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ತಂಡದಲ್ಲಿ ಇದ್ದವರೆಲ್ಲ ಗೊರೇಬಾಳ, ವಳಕಮದಿನ್ನಿ ಕಡೆಯ ಹುಡುಗರು. ಕಾಲುವೆಗೆ ನೀರು ಬಿಟ್ಟು, ಗದ್ದೆ ಕೆಸರು ಮಾಡಿ, ಇನ್ನೂ ನಾಟಿ ಹಚ್ಚದೆ ಬಿಟ್ಟ ಮಡಿಗಳಲ್ಲಿ ಅವರು ಕಬಡ್ಡಿ ಆಡುತ್ತಿದ್ದರು. ಬಿದ್ದರೆ ನೋವಿಲ್ಲ, ಎದ್ದು ಕಾಲುವೆಗೆ ಹಾರಿದರೆ ಜಳಕವೂ ಆಯಿತು. ಅದನ್ನೇ ಅವರು ಅಭ್ಯಾಸ ಅಂದುಕೊಂಡಿದ್ದರು.

"ಕೆಸರಾಗ ಹುಗದ ಕಾಲು ಕಿತ್ತಾಕ ಬರಂಗಿಲ್ಲ. ಹಂಗಾಗಿ ಹೆಗಲು ಹಿಡದ್ರೂ ಸಿಗ್ತಾನ, ಅಂಗಿ ಹಿಡದ್ರೂ ಸಿಗ್ತಾನ. ಇವ್ರಿಗೆ ಅದ ರೂಢಿ ಬಿದ್ದೈತಿ. ಮಸ್ಕ್ಯಾಗ ಗಟ್ಟಿ ನೆಲ. ಅವ್ರ ಹುಡುಗ ಒಬ್ಬನ ನಮ್ಮ ಮೂರು ಮಂದೀನ ಎಳಕೊಂಡು ಹೋದ." ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟು ಅಂದರು, "ಇವ್ರಿಗೆ ಗಟ್ಟಿ ನೆಲ ಬೇಕಾಗೈತಿ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ಬಾಗಿಲಾಚೆ, ಆಗತಾನೇ ಸಾರಿಸಿದ ಅಂಗಳ ನೋಡುತ್ತಿದ್ದರು. ಇಪ್ಪತ್ತು ಕಾಲುಗಳು ದಿನಾ ಉಜ್ಜಾಡಿದರೆ ಆ ನೆಲ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಸಂತೋಷದಿಂದ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅಂಗಳ ಕೊಡದೆ ಅಂಗಳ ಉಳಿಯುವ ದಾರಿಯೂ ಕಾಣಲಿಲ್ಲ.

"ಪತ್ರಿ ಗಿಡ ಒಂದು ಬಿಡ್ರಿ," ಅಂದೆ. "ಉಳದದ್ದು ನಿಮ್ಮದು."

ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ಮಾತು. ಎದುರಿನ ತಂಡದಿಂದ ಒಬ್ಬ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅನ್ನುತ್ತ ಒಳಗೆ ನುಗ್ಗುತ್ತಾನೆ. ಅವನಿಗೆ ರೈಡರ್ ಅನ್ನುತ್ತಾರೆ. ಅವನು ಯಾರನ್ನಾದರೂ ಮುಟ್ಟಿ ನಡುಗೆರೆಗೆ ವಾಪಸ್ ಹೋಗದಂತೆ ಹಿಡಿದು ನಿಲ್ಲಿಸುವುದು ಈ ಕಡೆಯವರ ಕೆಲಸ. ಎರಡೂ ಅಂಚಿನಲ್ಲಿ ನಿಲ್ಲುವವರು ಕಾರ್ನರ್. ರೈಡರ್ ತಿರುಗುವಾಗ ಒಂದು ಕಾಲು ಹಿಂದೆ ಉಳಿಯುತ್ತದೆ. ಆ ಗಳಿಗೆಗೆ ಕಾರ್ನರಿನವನು ಎರಡೂ ಕೈಯಿಂದ ಪಾದದ ಮೇಲಿನ ಹರಡು ಹಿಡಿದು, ಹೆಗಲನ್ನು ಅವನ ಮೀನಖಂಡಕ್ಕೆ ಒತ್ತಬೇಕು. ಅದು ಆಂಕಲ್ ಹೋಲ್ಡ್. ಕಾಲು ನಿಂತ ಮೇಲೆಯೇ ಉಳಿದವರು ಬಂದು ಮುಚ್ಚಬೇಕು. ನಮ್ಮ ಹುಡುಗರು ಎಲ್ಲರೂ ಒಟ್ಟಿಗೆ ಮೇಲಕ್ಕೆ ಹಾರುತ್ತಿದ್ದರು.

ನಮ್ಮವರು ಆಟವನ್ನೇ ನಿಲ್ಲಿಸಿಬಿಟ್ಟರು. ಸಂಜೆ ಕಾಲೇಜು ಬಿಟ್ಟೊಡನೆ ಹುಡುಗರು ನಮ್ಮ ಅಂಗಳಕ್ಕೆ ಬರಬೇಕು, ಇಬ್ಬಿಬ್ಬರಾಗಿ ನಿಲ್ಲಬೇಕು. ಒಬ್ಬ ನಡೆಯಬೇಕು, ಒಬ್ಬ ಹಿಡಿಯಬೇಕು. ಓಡುವಂತಿಲ್ಲ. ಎಷ್ಟೋ ದಿನ ಇದೊಂದೇ ನಡೆಯಿತು.

"ಸರ, ಒಂದು ಆಟ ಆಡಾಕ ಬಿಡ್ರಿ," ಎಂದು ಹುಡುಗರು ಗೋಗರೆದರು.

"ಹಿಡಿಯಾಕ ಬರಲಾರದವ್ರು ಏನು ಆಡ್ತೀರಿ? ನಿಲ್ಲು. ಇನ್ನೊಮ್ಮೆ."

ಹನುಮೇಶನಿಗೆ ರೈಡರನ ಮುಖ ನೋಡುವ ಚಟ. "ಮುಖ ಏನು ನೋಡ್ತಿ, ಹೆಣ್ಣು ನೋಡಾಕ ಬಂದೀಯೇನು? ಹಿಮ್ಮಡ ನೋಡು," ಎಂದು ನಮ್ಮವರು ದಿನಾ ಬೈಯುತ್ತಿದ್ದರು. ಕಟ್ಟೆಯ ಮೇಲಿನ ನಮ್ಮತ್ತೆಗೆ ಬತ್ತಿ ಹೊಸೆಯುವುದೇ ಮರೆತುಹೋಯಿತು. ಯಾರಾದರೂ ಸೊಂಟಕ್ಕೆ ತೆಕ್ಕೆ ಹಾಕಿದರೆ, "ತವರಿಗೆ ಬಂದ ಮಗಳನ್ನ ಅಪ್ಪಿಕೊಂಡಂಗ ಮಾಡ್ತಿಯಲ್ಲೋ," ಅನ್ನುತ್ತಿದ್ದರು. ಗಟ್ಟಿ ನೆಲಕ್ಕೆ ಹೆದರಿ ವಳಕಮದಿನ್ನಿಯ ಒಬ್ಬ ಹುಡುಗ ಒಂದರ ಮೇಲೊಂದು ಎರಡು ಪ್ಯಾಂಟು ಹಾಕಿಕೊಂಡು ಬಂದ. ಎರಡೂ ಮೊಣಕಾಲಲ್ಲಿ ಹರಿದವು. ಹೊಲಿದುಕೊಟ್ಟೆ. ತರಚಿದ ಮೊಣಕಾಲಿಗೆಲ್ಲ ಅರಿಶಿನ ಎಣ್ಣೆ ಹಚ್ಚಿದೆ. ಯಾರ ಕೈಕಾಲೂ ಮುರಿಯಲಿಲ್ಲ. ಅದೂ ಶಿವನ ಕೃಪೆ ಎಂದು ದಿನಾ ವಿಭೂತಿ ಹಚ್ಚಿಕೊಳ್ಳುವಾಗ ನೆನೆಯುತ್ತಿದ್ದೆ.

ಅಂಗಳ ಹಾಳಾಯಿತು. ಭಾನುವಾರ ಸಾರಿಸಿದ್ದು ಸೋಮವಾರ ಸಂಜೆಗೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿತ್ತು. ಹನುಮೇಶ ನಿಲ್ಲುವ ಎಡಮೂಲೆಯಲ್ಲಿ ಅವನ ಹಿಮ್ಮಡಿ ಊರಿ ಊರಿ ಬಟ್ಟಲಿನಷ್ಟು ಕುಳಿ ಬಿತ್ತು. ಭಾನುವಾರ ಬಂದೊಡನೆ ನಾನು ಮತ್ತೆ ಸಾರಿಸುತ್ತಿದ್ದೆ. ಹುಡುಗರಿಗೆ ಅದು ಅರ್ಥವಾಗಿರಬೇಕು. ಒಂದು ಭಾನುವಾರ ಹನುಮೇಶ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಗೊರೇಬಾಳದಿಂದ ಸೆಗಣಿ ತಂದಿಳಿಸಿದ. ಆಮೇಲೆ ಪ್ರತಿ ಭಾನುವಾರ ತಂದ. ನಾನು ಸಾರಿಸುವ ಮೊದಲು ನೀರು ಚಿಮುಕಿಸಿಯೂ ಕೊಟ್ಟ. ಕಾಲೇಜು ಓದುವ ಗಂಡುಹುಡುಗ ಆ ಕೆಲಸಕ್ಕೆ ನಾಚಲಿಲ್ಲ.

ನಾನು ಅಡುಗೆಮನೆಯ ಕಿಟಕಿಯಿಂದ ರೊಟ್ಟಿ ಬಡಿಯುತ್ತ ಎಲ್ಲ ನೋಡುತ್ತಿದ್ದೆ. ಯಾರು ಬೇಗ ಬೀಳುತ್ತಾರೆ, ಯಾರು ಬಿದ್ದರೂ ಕೈ ಬಿಡುವುದಿಲ್ಲ, ಎಲ್ಲ ತಿಳಿಯಿತು. ನಮ್ಮವರು ಊದುವ ಸೀಟಿಯ ಸದ್ದಿನ ಮೇಲೆಯೇ ಕೆಲಸ ತಪ್ಪುತ್ತಿದೆಯೋ ಸರಿಹೋಗುತ್ತಿದೆಯೋ ಹೇಳಬಲ್ಲವಳಾದೆ. ಆದರೆ ಆ ಹುಡುಗರು ಪೂರ್ತಿ ಒಂದು ಆಟ ಆಡಿದ್ದನ್ನು ಮಾತ್ರ ನಾನು ನೋಡಲೇ ಇಲ್ಲ. ನಮ್ಮ ಅಂಗಳದಲ್ಲಿ ಅಷ್ಟು ಜಾಗವಿರಲಿಲ್ಲ.

ಲಿಂಗಸುಗೂರಿಗೆ ಹೊರಡುವ ಮುಂಜಾನೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತ ಕೇಳಿದೆ, "ನಾನೂ ಬರಲೇನ್ರಿ?"

"ಅಷ್ಟು ಗಂಡಸರ ನಡುವ ನೀ ಎಲ್ಲಿ ಕೂಡ್ತಿ?" ಅಂದರು. ಅವರು ಒರಟಾಗಿ ಹೇಳಲಿಲ್ಲ. ಆ ಕಾಲದಲ್ಲಿ ಮೈದಾನದ ಅಂಚಿನಲ್ಲಿ ಹೆಂಗಸರು ಕೂರುವ ಜಾಗವೇ ಇರಲಿಲ್ಲ.

ಅವರು ಹೋದ ಸಂಜೆ ಅಂಗಳ ಸಾರಿಸಿದೆ. ಮರುದಿನವೂ ಅದು ಸಾರಿಸಿದಂತೆಯೇ ಇತ್ತು. ರಂಗೋಲಿಯ ಒಂದು ಎಳೆಯೂ ಅಳಿಸಿರಲಿಲ್ಲ. ಇಷ್ಟು ದಿನ ನಾನು ಬಯಸಿದ್ದು ಅದನ್ನೇ. ನೋಡಿದರೆ ಮನಸ್ಸಿಗೆ ಹಿಡಿಸಲಿಲ್ಲ. ಸಂಜೆಯಾದೊಡನೆ ಕಿವಿ ಸೀಟಿಗೆ ಕಾಯುತ್ತಿತ್ತು. ನಮ್ಮತ್ತೆಯೂ ಕಟ್ಟೆ ಬಿಟ್ಟು ಒಳಗೆ ಬಂದು ಕೂತರು. "ಹಾಳು ಹುಡುಗರು, ಬಿಕೋ ಅನಿಸಿ ಹೋದ್ರು," ಅಂದರು.

ಭಾನುವಾರ ಮಧ್ಯಾಹ್ನ ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ನಮ್ಮವರೂ ಹನುಮೇಶನೂ ಬಂದರು.

"ಎರಡು ಗೆದ್ವಿ," ಅಂದರು ನಮ್ಮವರು. "ಫೈನಲ್ ಒಂದು ಪಾಯಿಂಟಿಗೆ ಹೋತು."

ಮೊದಲ ಆಟದ ಕೊನೆಯ ರೈಡನ್ನು ಹನುಮೇಶ ನಿಂತಲ್ಲೇ ಆಡಿ ತೋರಿಸಿದ. "ಆಳು ಎತ್ತರ ಇದ್ದನ್ರಿ. ಮುಖ ನೋಡಲಿಲ್ಲ ನಾ. ಹಿಮ್ಮಡ ತಿರುಗಿದ್ದ ತಡ, ಹಿಡದೆ. ಎಳದಾ. ನೆಲಕ್ಕ ಬಿದ್ದೆ, ಬಿಡಲಿಲ್ಲ. ಅಷ್ಟರಾಗ ಉಳದವ್ರು ಬಂದು ಮುಚ್ಚಿದ್ರು."

"ಈ ಸಲ ತೋಳು ತಂದಿಲ್ಲೇನಲೇ?" ಎಂದು ನಮ್ಮತ್ತೆ ಕೇಳಿದರು.

"ಇಲ್ಲಬೇ ಅಜ್ಜಿ. ಈ ಸಲ ಮನಷ್ಯಾನ ಸಿಕ್ಕಿದ್ದ."

ಅವನು ಕಾಲು ತೊಳೆಯಲು ನಲ್ಲಿಯ ಕಡೆ ಹೋದ ಮೇಲೆ ನಮ್ಮವರು ನನ್ನ ಎದುರಿಗೆ ಕೂತು ಮೊರದಿಂದ ಒಂದು ಹಿಡಿ ಜೋಳ ತೆಗೆದುಕೊಂಡರು.

"ಅಲ್ಲಿ ಒಂದು ಕಾಲೇಜಿನ ಹಿರಿಯರು ಆಟ ನೋಡಾಕ ಬಂದಿದ್ರು. ಹಿಡಿಯೋದು ಯಾರು ಕಲಿಸ್ಯಾರ ಅಂತ ಕೇಳಿ ಕರಿಸಿದ್ರು. ಜೂನಿಗೆ ಬರ್ರಿ, ಕಾಯಂ ಮಾಡ್ತೀವಿ ಅಂದಾರ."

"ಇಲ್ಲಿ?"

"ಇಲ್ಲಿ ಇಟ್ಕೊಂಡ್ರೂ ಹಂಗಾಮೀನ."

"ಶಿವ ದೊಡ್ಡಾವ," ಅಂದೆ. ಅದನ್ನು ಮನಸ್ಸಿನಿಂದಲೇ ಅಂದೆ. ಆಮೇಲೆ ಕೇಳಿದೆ, "ಅಲ್ಲಿ ಮನಿಗೆ ಅಂಗಳ ಐತೇನ್ರಿ?"

"ಕ್ವಾರ್ಟರ್ಸ್ ಕೊಡ್ತಾರ. ಮುಂದ ಪರಸಿ ಕಲ್ಲು ಹಾಸ್ಯಾರ." ಕೈಯಲ್ಲಿದ್ದ ಜೋಳವನ್ನು ಮತ್ತೆ ಮೊರಕ್ಕೆ ಹಾಕಿದರು.

ಜೂನಿನಲ್ಲಿ ಹೋದೆವು. ನಮ್ಮವರು ಅಲ್ಲೇ ನಿವೃತ್ತಿಯಾದರು. ನಮ್ಮತ್ತೆಯ ಕೊನೆಗಾಲದ ಔಷಧಕ್ಕೆ ಎಂದೂ ಕೊರತೆ ಬೀಳಲಿಲ್ಲ. ಪರಸಿ ಕಲ್ಲಿಗೆ ನೀರು ಹಾಕಿ ಗುಡಿಸಿದರೆ ಸಾಕು, ಮೊಣಕಾಲಿಗೂ ಆರಾಮ. ಶಿವ ಕೊಟ್ಟದ್ದನ್ನೆಲ್ಲ ಎಣಿಸಿ ಅವನಿಗೇ ಒಪ್ಪಿಸುತ್ತೇನೆ. ಆದರೂ ಸಂಜೆ ಐದು ಗಂಟೆಗೆ ಎಲ್ಲಾದರೂ ಸೀಟಿ ಕೇಳಿದರೆ ಕೈಯಲ್ಲಿರುವ ಕೆಲಸ ಇವತ್ತಿಗೂ ನಿಲ್ಲುತ್ತದೆ. ಟೀವಿಯಲ್ಲಿ ಕಬಡ್ಡಿ ಬಂದಾಗ ಮೊಮ್ಮಕ್ಕಳು ರೈಡರನ್ನು ನೋಡುತ್ತಾರೆ, ನಾನು ಎಡಮೂಲೆ ನೋಡುತ್ತೇನೆ. ನೆಲ ಸಾರಿಸುವುದು, ಕಾಲು ಹಿಡಿಯುವುದು ಎರಡೂ ಒಂದೇ ಜಾತಿಯ ಕೆಲಸವೆಂದು ನನಗೆ ಅನ್ನಿಸಿದೆ. ಬಗ್ಗಿ ಮಾಡಬೇಕು, ದಿನಾ ಮಾಡಬೇಕು, ನಿನ್ನೆ ಮಾಡಿದ್ದು ಇವತ್ತಿಗೆ ಸಾಲುವುದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಅವರು ಲಿಂಗಸುಗೂರಿನಿಂದ ಬಂದ ಆ ಭಾನುವಾರ ಜೋಳ ಒಳಗಿಟ್ಟು ಸೆಗಣಿ ಬುಟ್ಟಿ ತಂದೆ. ಹನುಮೇಶ ಅಷ್ಟರಲ್ಲಿ ಕೊಡ ತುಂಬಿಕೊಂಡು ನೀರು ಚಿಮುಕಿಸತೊಡಗಿದ್ದ.

"ಬಿಡೋ, ಆಟ ಮುಗೀತಲ್ಲ," ಅಂದೆ.

"ಎಲ್ಲಿ ಮುಗೀತ್ರಿ ಅಕ್ಕಾರ. ಫೈನಲ್ ಸೋತೀವಲ್ಲ, ನಾಳೆ ಸಂಜಿಗೆ ಬರಬೇಕಂತ ಸರ್ ಹೇಳ್ಯಾರ."

ನಾನು ಸೆರಗು ಸಿಕ್ಕಿಸಿ, ಅವನ ಹಿಮ್ಮಡಿಯ ಕುಳಿಗೆ ಒಂದು ಹಿಡಿ ಗರಸು ಹಾಕಿ ಒತ್ತಿ, ಎಡಮೂಲೆಯಿಂದ ಸಾರಿಸುತ್ತ ಬಂದೆ.