ಕತ್ತಲ ಕೊಳವೆಯ ಸುಣ್ಣದ ನೀರು

2006ರ ಮಾರ್ಚ್‌ನ ಒಂದು ಬೆಳಿಗ್ಗೆ, ಬ್ಯಾಡಗಿಯ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಕಪ್ಪು ಬಟ್ಟೆ ಸುತ್ತಿದ ಗಾಜಿನ ಕೊಳವೆಯಿಂದ ಬಂದ ಗಾಳಿಗೂ ಸುಣ್ಣದ ತಿಳಿನೀರು ಬೆಳ್ಳಗಾಯಿತು. ಆಗಬಾರದಿತ್ತು.

ನನ್ನ ಹೆಂಡತಿ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಪಿಎಚ್‌.ಡಿ.ಗೆ ಅದು ನಾಲ್ಕನೇ ವರ್ಷ. ಕೊಳವೆಯ ಒಳಮೈಗೆ ಟೈಟಾನಿಯಂ ಆಕ್ಸೈಡಿನ ಬಿಳಿ ಪುಡಿ ಹಚ್ಚಿ, ಸ್ಪಿರಿಟ್ಟಿನ ಆವಿ ಬೆರೆತ ಗಾಳಿ ಹಾಯಿಸಬೇಕು. ಬೆಳಕು ಬಿದ್ದರೆ ಪುಡಿಯ ಮೇಲೆ ಆವಿ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಅದು ಸುಣ್ಣದ ನೀರನ್ನು ಬೆಳ್ಳಗೆ ಮಾಡುತ್ತದೆ. ಕಾಲೇಜಿನಲ್ಲಿ ಪ್ರಯೋಗದ ದೀಪ ಉರಿಸಲು ಕರೆಂಟು ಸರಿಯಾಗಿ ಇರುತ್ತಿರಲಿಲ್ಲ. ಹಾಗಾಗಿ ಒಂದು ವರ್ಷದಿಂದ ಮನೆಯ ಬಿಸಿಲಿನಲ್ಲೇ ಅಳೆದಿದ್ದಳು. ಸೈಕಲ್ ಪಂಪು ಒತ್ತುವುದು ನನ್ನ ಪಾಲು. ಆಮೇಲೆ ಪತ್ರಿಕೆಯ ಕೆಲಸಕ್ಕೆ ನಾನು ಹಾವೇರಿಯ ಬಸ್ಸು, ಅವಳು ರಾಣೆಬೆನ್ನೂರಿನ ಬಸ್ಸು.

ಕೆಲಸ ಮಾಡಿದ್ದು ಬೆಳಕೋ, ಬಿಸಿಯೋ ಎಂದು ಗೈಡ್ ಕೇಳಿದ್ದರು. ಅದಕ್ಕೇ ಈ ಕತ್ತಲ ಕೊಳವೆ: ಕೆಲಸ ಬೆಳಕಿನದೇ ಆದರೆ ಇದರ ನೀರು ತಿಳಿಯಾಗಿ ಉಳಿಯಬೇಕು. ಬಿಸಿ ಸಮನಾಗಲೆಂದು ಬಿಸಿಲಿನ ಕೊಳವೆ, ಕತ್ತಲ ಕೊಳವೆ ಎರಡನ್ನೂ ಒಂದೇ ನೀರಿನ ಬೋಗುಣಿಯಲ್ಲಿ ಮುಳುಗಿಸಿ ನೋಡಿದೆವು. ಕತ್ತಲ ಕೊಳವೆಯದೂ ಮತ್ತೆ ಬೆಳ್ಳಗೆ.

"ಟೀಚರ್ರ, ಊರೆಲ್ಲಾ ಮೆಣಸಿನಕಾಯಿ ಒಣಗಸ್ತೈತಿ, ನೀವು ಗಾಜು ಒಣಗಸಾಕತ್ತೀರಲ್ರಿ!" ಪಕ್ಕದ ಮಾಳಿಗೆಯಾಕೆ ನಗುತ್ತಿದ್ದಳು.

ನಾಲ್ಕನೇ ದಿನ ಕೆಳಗಿನಿಂದ ಅವ್ವ ಕೂಗಿದಳು: "ಕಟಿಗಿ ಹಸಿ ಅದಾವವಾ, ಹೊಗಿ ಮ್ಯಾಲ ಬರಾಕತ್ತೈತೇನ?"

ಬಚ್ಚಲೊಲೆಯ ಹೊಗೆ ಕಿಂಡಿ ನಮ್ಮ ಕಾಲ ಬಳಿಯೇ ಇತ್ತು. ಹೆಂಡತಿ ನನ್ನ ಕೈಯಿಂದ ಪಂಪು ತೆಗೆದುಕೊಂಡಳು. ಪುಡಿ ಇಲ್ಲದೆ, ಸ್ಪಿರಿಟ್ಟಿಲ್ಲದೆ, ಬರೀ ಗಾಳಿಯನ್ನು ಸುಣ್ಣದ ನೀರಿಗೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಅದೂ ಬೆಳ್ಳಗಾಯಿತು. ಒಲೆಯ ಹೊಗೆಯಲ್ಲೂ ಇದ್ದದ್ದು ಅದೇ ಇಂಗಾಲದ ಡೈಆಕ್ಸೈಡ್.

"ಒಂದ ವರ್ಷ ನಿಮ್ಮವ್ವನ ಒಲಿ ಅಳದೇನ್ರಿ ನಾ," ಎಂದು ಅಲ್ಲೇ ಕುಳಿತಳು.

ಹಳೆಯ ಅಳತೆಗಳೆಲ್ಲ ಒಲೆ ಉರಿಯುವ ಅದೇ ಹೊತ್ತಿನವು. ಅವನ್ನಿಟ್ಟುಕೊಂಡು ಪ್ರಬಂಧದ ಒಂದು ಅಧ್ಯಾಯ ಬರೆದಾಗಿತ್ತು. ವಿಷಯ ಗೊತ್ತಿದ್ದುದು ಮನೆಯವರಿಗೆ ಮಾತ್ರ.

"ಗೈಡ್‌ಗೆ ಹೇಳ್ತೀಯೇನ?" ಎಂದೆ.

"ಹೇಳಲಿಲ್ಲಂದ್ರ ನೀವ ಪೇಪರ್‌ನ್ಯಾಗ ಹಾಕ್ತೀರೇನ್ರಿ?"

ಸಂಜೆ ಫೋನ್ ಮಾಡಿ ಹೇಳಿದಳು. ಆ ಅಧ್ಯಾಯ ಕೈಬಿಡಬೇಕಾಯಿತು.

ಮರುವರ್ಷದ ಬೇಸಿಗೆಯಿಡೀ ಮತ್ತೆ ಪಂಪು ಒತ್ತಿದೆವು. ಈ ಸಲ ಗಾಳಿಯನ್ನು ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ಹಾಯಿಸಿ, ಅದರಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ತೆಗೆದೆವು. ಕತ್ತಲ ಕೊಳವೆಯ ನೀರು ತಿಳಿಯಾಗಿಯೇ ಉಳಿಯಿತು. ಬಿಸಿಲಿನದು ಬೆಳ್ಳಗಾಯಿತು, ಮೊದಲಿನಷ್ಟಲ್ಲ.

2008ರಲ್ಲಿ ಪ್ರಬಂಧ ಸಲ್ಲಿಸಿದಳು. ಮಾಳಿಗೆಯ ಮೇಲಿನ ಮೊದಲ ವರ್ಷದ ಒಂದು ಅಳತೆಯೂ ಅದರಲ್ಲಿಲ್ಲ.