ಮದ್ದಿಗೆ ಬಗ್ಗದ ಕಳೆ

ಕಳೆ ಪರೀಕ್ಷಿಸುವುದು ನನ್ನ ಕೆಲಸ. ಕ್ರಾನ್‌ಬರ್ನ್‌ನ ಮನೆಯಿಂದ ನಾನು ಕಾರು ತೆಗೆದರೆ ಸಾಕು, ಆಸ್ಟ್ರೇಲಿಯಾದ ಈ ವಿಕ್ಟೋರಿಯಾ ರಾಜ್ಯದ ಕಳೆಗಳೆಲ್ಲ ಹೆದರಿ ಒಣಗುತ್ತವೆ. ಮೊನ್ನೆ ನೋಡಲು ಹೋದ ಒಂದು ಗೋಧಿ ಹೊಲದವು ಮಾತ್ರ ವರ್ಷಗಟ್ಟಲೆ ಒಂದೇ ಕಳೆನಾಶಕ ಕುಡಿದು ಗಟ್ಟಿಯಾಗಿದ್ದವು. "ಬೀಜ ಉದುರುವ ಮೊದಲೇ ಗೋಧಿ ಸಮೇತ ಕೊಯ್ದು ಮೇವು ಮಾಡಿ" ಎಂದೆ. ಅದು ಹೊಲದ ಯಜಮಾನರ ಮಗಳು ತಾನೇ ಬಿತ್ತಿದ ಮೊದಲ ಬೆಳೆ.

ಯಜಮಾನರು ನನ್ನನ್ನು ಟ್ರ್ಯಾಕ್ಟರ್ ಹಿಂದಕ್ಕೆ ಕರೆದರು. "ಇಷ್ಟು ವರ್ಷ ಅದೇ ಮದ್ದು ಹೊಡೆದವನು ನಾನು ಅಂತ ಅವಳಿಗೆ ಹೇಳಿಬಿಡಿ. ತನ್ನ ತಪ್ಪು ಅಂತ ಕೊರಗ್ತಾಳೆ."

ಗೇಟಿನ ಹತ್ತಿರ ಮಗಳು ಕಾರಿನ ಕಿಟಕಿ ತಟ್ಟಿದಳು. "ನಾನೇ ಮದ್ದಿನ ಅಳತೆ ತಪ್ಪಿಸಿದೆ ಅಂತ ಬರೀರಿ. ಅಪ್ಪ ಹಳೇದೆಲ್ಲ ನೆನೆಸಿಕೊಂಡು ನೊಂದುಕೊಳ್ಳೋದು ಬೇಡ."

ರಿಪೋರ್ಟಿನಲ್ಲಿ ಕಾರಣ ಎಂದಿದ್ದ ಕಡೆ, "ಕಳೆ ಬಲು ಹಟಮಾರಿ" ಎಂದಷ್ಟೇ ಬರೆದೆ. "ನಿನ್ನ ರಿಪೋರ್ಟನ್ನು ನಾನು ಕೊನೆಯವರೆಗೆ ಓದಿದ್ದು ಇದೇ ಮೊದಲು" ಎಂದಳು ನನ್ನ ಬಾಸ್.