ಮೇಲಿನ ಹಾಲಿನ ಹಾಡು

ಆ ಹಳೆಯ ಸಭಾಂಗಣಕ್ಕೆ ದಿನಾ ಬರುವವರಲ್ಲಿ ಬಾಗಿಲ ಬಳಿಯ ಬೋರ್ಡು ಓದುವ ಪದ್ಧತಿ ಇರಲಿಲ್ಲ. ಓದಿ ಒಳಗೆ ಬರುವವರು ಹೊಸಬರು. ಹಳಬರು ಪಕ್ಕದ ಬಾಗಿಲಿನಿಂದ ನುಗ್ಗಿ, ತಂತಮ್ಮ ಕುರ್ಚಿ ಹಿಡಿದು, ಬೆವರು ಒರೆಸಿಕೊಂಡು, ಆಮೇಲೆ ವೇದಿಕೆಯ ಕಡೆ ಕಣ್ಣು ಹಾಯಿಸಿ ಇವತ್ತು ನಡೆಯುತ್ತಿರುವುದು ಏನು ಎಂದು ಪತ್ತೆ ಹಚ್ಚುವವರು. ಸಂಗೀತವಾದರೆ ಲಾಭ, ಭಾಷಣವಾದರೆ ನಿದ್ದೆ. ಒಟ್ಟಿನಲ್ಲಿ ನಷ್ಟವಿಲ್ಲ.

ಈ ಪಂಗಡಕ್ಕೆಲ್ಲ ಹಿರಿಯನೆಂದರೆ ಚಪ್ಪಾಳೆ ಮಾಮ. ಹಗಲು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಊರಿನವರ ದೃಷ್ಟಿ ತಿದ್ದುವ ಕೆಲಸ. ಸಂಜೆಯಾಯಿತೆಂದರೆ ಬೆರಳ ಸಂದಿಯ ಬಿಳಿ ಪುಡಿಯನ್ನು ಪ್ಯಾಂಟಿಗೆ ಒರೆಸುತ್ತ ಸಭಾಂಗಣದ ಕಲ್ಲು ಮೆಟ್ಟಿಲು ಹತ್ತುತ್ತಿದ್ದ. ಭಾಷಣ ಎಲ್ಲಿ ಮುಗಿಯುತ್ತದೆಂದು ಭಾಷಣಕಾರರಿಗೇ ಗೊತ್ತಿಲ್ಲದಾಗ ಮಾಮನಿಗೆ ಗೊತ್ತಾಗುತ್ತಿತ್ತು. ಅವನು ಕೈ ತಟ್ಟಿದರೆ ಇಡೀ ಸಭೆ ತಟ್ಟುತ್ತಿತ್ತು. ತಲೆ ಬೋಳಾದರೂ ಕೈಗೆ ಇನ್ನೂ ವಯಸ್ಸಾಗಿರಲಿಲ್ಲ.

ಅವನ ಹೆಂಡತಿ ಮಾತ್ರ ಆ ಕಟ್ಟಡದ ಹೊಸ್ತಿಲು ತುಳಿದವಳಲ್ಲ. "ಅದು ನನ್ನ ಸವತಿ. ಅವಳ ಮನೆಗೆ ನಾನ್ಯಾಕೆ ಹೋಗ್ಲಿ?" ಅನ್ನುತ್ತಿದ್ದಳು. ಅಂಥವಳು ಈ ವರ್ಷ ಬಡಾವಣೆಯ ಹೆಂಗಸರ ಹಾಡಿನ ಗುಂಪು ಸೇರಿದಳು. ಅಕ್ಕಪಕ್ಕದವರಿಗೆ ಕೇಳದಿರಲೆಂದು ಮಿಕ್ಸಿ ಹಾಕಿಕೊಂಡು ಅಭ್ಯಾಸ ಮಾಡಿದಳು. ಮನೆಯಲ್ಲಿ ಚಟ್ನಿ ಬೇಡಬೇಡವೆಂದರೂ ನುಣ್ಣಗಾಗುತ್ತಿತ್ತು.

ಕಾರ್ಯಕ್ರಮದ ದಿನ ಬೆಳಗ್ಗೆ ಮಾಮ ಚಪ್ಪಲಿ ಮೆಟ್ಟುವಾಗ ಅವಳು ಬಾಗಿಲಿಗೆ ಬಂದಳು.

"ಇವತ್ತು ಸಂಜೆ ನಿಮ್ಮ ಹಾಲಲ್ಲೇ ರೀ ನಮ್ಮ ಹಾಡು. ಎರಡು ಸಾಲು ನಾನೊಬ್ಳೇ ಹಾಡ್ಬೇಕು. ನೀವು ಎದುರಿಗೆ ಕಂಡ್ರೆ ಹಾಡ್ತೀನಿ. ಇಲ್ದಿದ್ರೆ ಬಾಯೇ ಬಿಡಲ್ಲ."

"ಮನೇಲಿ ಬಾಯಿ ಬಿಡೋಕೆ ಅಂಥ ಷರತ್ತೇನೂ ಇಲ್ವಲ್ಲ."

"ತಮಾಷೆ ಸಾಕು. ಎಲ್ಲಿ ಕೂತ್ಕೋತೀರಿ?"

"ಮೂರನೇ ಸಾಲು, ಕೊನೇ ಕುರ್ಚಿ. ಎಂದಾದ್ರೂ ಬದಲಾಗಿದ್ಯಾ?"

ಕುರ್ಚಿ ಬದಲಾಗಿರಲಿಲ್ಲ, ನಿಜ. ಕಟ್ಟಡ ಬದಲಾಗಿತ್ತು. ರಿಪೇರಿಗೆಂದು ಮುಚ್ಚಿದ್ದ ಸಭಾಂಗಣದ ಬಾಗಿಲು ತೆಗೆದಿದ್ದೇ ಆ ದಿನ. ಹಳೇ ಬಾಲ್ಕನಿಗೆ ಗೋಡೆ ಕಟ್ಟಿ, ನೆಲ ಹಾಸಿ, ಮೇಲೊಂದು ಚಿಕ್ಕ ಹಾಲು ಮಾಡಿದ್ದರು. ಯಾವ ಹಾಲಿನಲ್ಲಿ ಏನೆಂದು ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದೂ ಇದ್ದರು. ಸಂಜೆ ಮಾಮ ಎಂದಿನಂತೆ ಪಕ್ಕದ ಬಾಗಿಲಿನಿಂದ ನುಗ್ಗಿ ಕೆಳಗಿನ ಹಾಲಿನ ಮೂರನೇ ಸಾಲಿನ ಕೊನೇ ಕುರ್ಚಿಯಲ್ಲಿ ಕೂತ.

ವೇದಿಕೆಯ ಮೇಲೆ ಪ್ರೊಫೆಸರರೊಬ್ಬರು ಎರೆಹುಳುವಿನ ಬಗ್ಗೆ ಮಾತಾಡುತ್ತಿದ್ದರು. ಎರೆಹುಳು ಮಣ್ಣು ಕೊರೆಯುತ್ತಿತ್ತು, ಅವರು ಸಭೆಯನ್ನು. ಮಾಮನಿಗೆ ಕೊಂಚ ಗಲಿಬಿಲಿಯಾಯಿತು. ಹಾಡುವ ಹೆಂಗಸರ ಸುಳಿವೇ ಇಲ್ಲ. ಆದರೆ ಹೆಂಡತಿಯ ಎರಡು ಸಾಲಿನಲ್ಲಿ ಮಣ್ಣಿನ ಮಾತು ಬರುತ್ತದೆಂದು ಅವನಿಗೆ ನೆನಪಿತ್ತು. ಮಣ್ಣಿನ ಭಾಷಣ ಮುಗಿದ ಮೇಲೆ ಮಣ್ಣಿನ ಹಾಡು, ಸರಿಯಾಗೇ ಜೋಡಿಸಿದ್ದಾರೆ ಅಂದುಕೊಂಡ. ಆದರೂ ಇರಲಿ ಎಂದು ಪಕ್ಕದವರನ್ನು ಕೇಳಿದ.

"ಹಾಡು ಇದೆ ತಾನೇ?"

"ಇದೆ ಇದೆ, ಕೊನೇಲಿ," ಅಂದರು ಅವರು. ಕೆಳಗಿನ ಹಾಲಿನಲ್ಲೂ ಕೊನೆಗೊಂದು ಹಾಡಿತ್ತು. ಅವರ ಸೊಸೆಯದು.

ಮಾಮ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಹೆಂಡತಿಯ ದನಿ ಕೇಳಿಸಿತು. ಕಣ್ಣು ಬಿಟ್ಟರೂ ಕೇಳಿಸುತ್ತಲೇ ಇತ್ತು. ವೇದಿಕೆಯಲ್ಲಿ ಪ್ರೊಫೆಸರರ ಬಾಯಿ ಆಡುತ್ತಿದೆ, ಕಿವಿಗೆ ಬೀಳುತ್ತಿರುವುದು ಹೆಂಡತಿಯ ದನಿ. ಮಾಮ ಹಿಂದೆ ನೋಡಿದ, ಕುರ್ಚಿಯ ಕೆಳಗೆ ಬಗ್ಗಿ ನೋಡಿದ, ಕೊನೆಗೆ ಕತ್ತೆತ್ತಿದ. ದನಿ ಚಾವಣಿಯ ಹಳೇ ಗಾಳಿಕಿಂಡಿಯಿಂದ ಇಳಿಯುತ್ತಿತ್ತು. ಮೊದಲ ಸಾಲು ನೆಟ್ಟಗೆ ಬಂತು. ಎರಡನೆಯದರ ನಡುವೆ ಒಮ್ಮೆ ತಡೆದು, ಉಸಿರು ತೆಗೆದುಕೊಂಡು, ದಡ ಸೇರಿತು. ಮಿಕ್ಸಿ ಇಲ್ಲದೆ ಆ ದನಿಯನ್ನು ಮಾಮ ಕೇಳಿದ್ದು ಅದೇ ಮೊದಲು.

ಅವನ ಕೈ ಅವನನ್ನು ಕೇಳದೆ ತಟ್ಟಿತು. ಕೂಡಲೇ ಸಭೆಯೂ ತಟ್ಟಿತು. ಎರೆಹುಳುವಿಗೆ ಕಣ್ಣಿಲ್ಲ ಎನ್ನುತ್ತಿದ್ದ ಪ್ರೊಫೆಸರರು, ಇದರಲ್ಲಿ ಇಷ್ಟು ಸಂತೋಷಪಡುವಂಥದ್ದು ಏನಿದೆ ಎಂದು ತಿಳಿಯದೆ ಕೈಮುಗಿದರು. ಭಾಷಣ ಮುಗಿಯಿತೆಂದುಕೊಂಡ ಕಾರ್ಯದರ್ಶಿ ವಂದನಾರ್ಪಣೆಗೆ ಎದ್ದೇಬಿಟ್ಟರು.

ಮಾಮ ಅಷ್ಟರಲ್ಲಿ ಹೊರಗೆ ಓಡಿದ್ದ. ಮೆಟ್ಟಿಲಿದ್ದ ಕಡೆ ಈಗ ಗೋಡೆ. ಗೋಡೆಯಿದ್ದ ಕಡೆ ಬಾಗಿಲು. ತೆಗೆದರೆ ಪೊರಕೆ, ಬಕೆಟ್ಟು. ಇಡೀ ಕಟ್ಟಡವೇ ಅಂಗಿಯನ್ನು ತಿರುವುಮುರುವಾಗಿ ತೊಟ್ಟುಕೊಂಡಂತಿತ್ತು. ಅಂತೂ ಹೊಸ ಮೆಟ್ಟಿಲು ಸಿಕ್ಕಿ ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಜನ ಹೊರಗೆ ಬರುತ್ತಿದ್ದರು.

ಹೆಂಡತಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ವೇದಿಕೆಯ ದೀಪಕ್ಕೆ ಗಾಜು ಹೊಳೆಯುತ್ತದೆಂದು ಹಾಡು ಕಲಿಸುವ ಟೀಚರು ಕನ್ನಡಕ ತೆಗೆಸಿದ್ದರು. ಅದಿನ್ನೂ ಕೈಯಲ್ಲೇ ಇತ್ತು. ಮುಖ ಅರಳಿತ್ತು.

"ನೋಡಿದೆ ರೀ ನಿಮ್ಮನ್ನ. ಮೂರನೇ ಸಾಲು, ಕೊನೇ ಕುರ್ಚಿ. ಆ ಬೋಳುತಲೆ ಕಂಡಿದ್ದೇ ತಡ, ಭಯ ಎಲ್ಲಿ ಹೋಯ್ತೋ."

ಮಾಮ ತನ್ನ ತಲೆ ಮುಟ್ಟಿ ನೋಡಿಕೊಂಡ. ಅವಳ ಹಿಂದಿನಿಂದ ಅಷ್ಟೇ ಬೋಳುತಲೆಯ ಒಬ್ಬರು ಕೊಡೆ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದರು. ಒಮ್ಮೆ ಹೂಂ ಅಂದರೆ ಮುಗಿಯುತ್ತಿತ್ತು. ಹೂಂ ಅನ್ನಲು ಬಾಯಿಯನ್ನೂ ತೆರೆದ.

"ಅದು ನಾನಲ್ಲ ಕಣೇ. ನಾನು ಕೆಳಗಡೆ ಇದ್ದೆ, ಎರೆಹುಳು ಭಾಷಣದಲ್ಲಿ."

ಅವಳು ಕನ್ನಡಕ ಹಾಕಿಕೊಂಡು ಇಳಿದು ಹೋಗುತ್ತಿದ್ದ ತಲೆ ನೋಡಿದಳು. ಆಮೇಲೆ ಇವನ ತಲೆ.

"ಹಂಗಾದ್ರೆ ನನ್ನ ಹಾಡು ಕೇಳ್ಲೇ ಇಲ್ಲ ನೀವು."

"ಕೇಳಿಸ್ತು. ಚಾವಣಿಯಿಂದ ಬಂತು. ಎರಡನೇ ಸಾಲಿನ ಮಧ್ಯ ನೀನು ಉಸಿರು ತಗೊಂಡೆ."

"ಗೊತ್ತಾಯ್ತಾ?"

"ನನಗೆ ಗೊತ್ತಾಗ್ದೆ ಇನ್ಯಾರಿಗೆ?"

ಬೈಗುಳಕ್ಕೆ ತಯಾರಾಗಿ ಮಾಮ ಗೋಡೆಗೆ ಒರಗಿ ನಿಂತ.

"ಅಂದ್ರೆ, ನೀವು ಇಲ್ದೇನೇ ಹಾಡ್ಬಿಟ್ಟೆ ಅನ್ನಿ," ಅಂದಳು ಹೆಂಡತಿ. ಅದನ್ನೇ ಇನ್ನೊಮ್ಮೆ, ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕಂಬಿ ಹಿಡಿಯದೆ ಸಲೀಸಾಗಿ ಮೆಟ್ಟಿಲಿಳಿಯತೊಡಗಿದಳು. "ಮುಂದಿನ ತಿಂಗಳು ನಾಲ್ಕು ಸಾಲು ಕೊಡ್ತಾರಂತೆ."

"ಬರ್ತೀನಿ," ಅಂದ ಮಾಮ, ಹಿಂದಿನಿಂದ.

"ಬನ್ನಿ. ಬರ್ದಿದ್ರೂ ನಡಿಯತ್ತೆ."

ಅದು ಸಿಟ್ಟೋ ಸಮಾಧಾನವೋ ಮಾಮನಿಗೆ ಬಗೆಹರಿಯಲಿಲ್ಲ. ಖುಷಿಪಡಬೇಕೋ ಕೊರಗಬೇಕೋ ತಿಳಿಯದೆ, ಅವಳಿಗಿಂತ ಎರಡು ಮೆಟ್ಟಿಲು ಹಿಂದೆ, ಹೊಸ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇಳಿದ.